ಗುಲ್ಮಾರ್ಗಿನ ಬಿಳಿ, ನಂದೇಶ್ವರದ ಕಪ್ಪು

ರಜೆ ಬಂದರೆ ಈಗ ನಮ್ಮ ಮನೆಗಳಲ್ಲಿ ಮನಾಲಿ, ಗುಲ್ಮಾರ್ಗಿನದ್ದೇ ಮಾತು. ಫ್ಯಾಮಿಲಿ ಗ್ರೂಪಿನ ತುಂಬ ಹಿಮದ ಫೋಟೋ. ಹೋಗಲಿ, ನೋಡಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹಿಮ, ಹಸಿರು, ಕಡಲು ಇಷ್ಟೇ 'ಸೀನರಿ' ಎಂದು ಮಕ್ಕಳಿಗೆ ಕಲಿಸುತ್ತಿದ್ದೇವಲ್ಲ, ಅದು ನನಗೆ ಸರಿ ಕಾಣುವುದಿಲ್ಲ.

ಚಾದರದ ವ್ಯಾಪಾರಕ್ಕೆಂದು ನಾನು ಸೊಲ್ಲಾಪುರಕ್ಕೆ ಹೋಗುವುದುಂಟು. ಒಮ್ಮೆ ಮಂಗಳವೇಢೆ ತಾಲೂಕಿನ ನಂದೇಶ್ವರದವರೆಗೂ ಹೋದೆ. ಮರಾಠಿಯ ಜೊತೆ ಕನ್ನಡವೂ ಕಿವಿಗೆ ಬೀಳುವ ಸೀಮೆ. ಮಳೆ ಕಡಿಮೆ. ಜೋಳ ಕೊಯ್ದ ಮೇಲೆ ಕಣ್ಣು ಹಾಯುವಷ್ಟು ದೂರ ಕಪ್ಪು ಎರೆ ನೆಲ, ಮೇಲೆ ಆಕಾಶ. ಫೋಟೋ ತೋರಿಸಿದರೆ ಉಮ್ಮ, "ಇದರಲ್ಲಿ ಎಂತ ಉಂಟು ಮೋನೇ?" ಎಂದರು.

ಹಿಮದಲ್ಲಿ ಫೋಟೋ ತೆಗೆದವರಿಗೆ ಗೊತ್ತು, ಬಿಳಿ ಹಿಮ ಬೂದುಬಣ್ಣವಾಗಿ ಬರುತ್ತದೆ. ಕ್ಯಾಮೆರಾದ ಮೀಟರ್ ಎದುರಿಗಿರುವುದನ್ನೆಲ್ಲ ನಡುಬೂದು ಎಂದೇ ಲೆಕ್ಕ ಹಾಕುವುದರಿಂದ ಹಾಗೆ. ಅದಕ್ಕೇ ಎಕ್ಸ್‌ಪೋಶರನ್ನು 1ರಿಂದ 2 ಸ್ಟಾಪ್ ಏರಿಸಬೇಕು. ಎರೆ ಮಣ್ಣಿಗೆ ಇದು ಉಲ್ಟಾ: ಕಪ್ಪು ನೆಲ ಮಾಸಲಾಗುತ್ತದೆ, ಆಕಾಶ ಬಿಳಿಚಿಕೊಳ್ಳುತ್ತದೆ. 1 ಸ್ಟಾಪ್ ಇಳಿಸಿ, ಬೆಳಗಿನ ಓರೆ ಬಿಸಿಲಲ್ಲಿ ತೆಗೆದರೆ ನೆಲದ ಒಂದೊಂದು ಬಿರುಕೂ ಎದ್ದು ಕಾಣುತ್ತದೆ. ಅಂಥದ್ದೊಂದು ಫೋಟೋವನ್ನು ಉಮ್ಮ ತುಂಬ ಹೊತ್ತು ನೋಡಿದರು, ಏನೂ ಹೇಳಲಿಲ್ಲ.

ಚಂದ ಕಾಣದ ನೆಲವನ್ನು ಪಾಳು ಎನ್ನುವುದು ಸುಲಭ. ಸರಕಾರದ ನಕ್ಷೆಗಳಲ್ಲೂ ಎಷ್ಟೋ ಹುಲ್ಲುಗಾವಲುಗಳು 'ವೇಸ್ಟ್‌ಲ್ಯಾಂಡ್' ಲೆಕ್ಕಕ್ಕೇ ಸೇರಿವೆ. ಸೊಲ್ಲಾಪುರದಿಂದ ಸುಮಾರು 20 ಕಿ.ಮೀ. ದೂರದ ನಾನ್ನಜ್ ಹುಲ್ಲುಗಾವಲು ಎರೆಭೂತದ ನೆಲೆ. ಮೀಟರ್ ಎತ್ತರದ ಹಕ್ಕಿ ಅದು. ಅದಕ್ಕಾಗಿ 1979ರಲ್ಲಿ ಘೋಷಿಸಿದ ಅಭಯಾರಣ್ಯ 8,000 ಚದರ ಕಿ.ಮೀ. ಮೀರಿತ್ತು, ಆಮೇಲೆ 1,200ರ ಆಸುಪಾಸಿಗೆ ಇಳಿಸಿದರು. ಊರು, ಹೊಲಗಳೆಲ್ಲ ಒಳಗೆ ಸೇರಿದ್ದರಿಂದ ಕಡಿತಕ್ಕೆ ಕಾರಣವೂ ಇತ್ತೆನ್ನಿ. ಆದರೆ ಈಗ ಆ ಹಕ್ಕಿ ಅಲ್ಲಿ ಕಾಣುವುದೇ ಅಪರೂಪ.

ನಮ್ಮ ಪದವುಗಳ ಕಥೆ ಬೇರೆಯೇ? ಮಂಗಳೂರಿನ ಅಂಚಿನ ಕೆಂಪುಕಲ್ಲಿನ ಬಯಲು ಬೇಸಿಗೆಯಲ್ಲಿ ಬೋಳು, ಮಳೆ ಬಂದರೆ ನೀರಿನ ಹೊಂಡ, ಸಣ್ಣ ಸಣ್ಣ ಹೂ. ಅದರ ಫೋಟೋ ನಮ್ಮಲ್ಲಿ ಯಾರ ಮನೆಯ ಆಲ್ಬಮಿನಲ್ಲುಂಟು? ಕೋರೆಯಾಗಿ, ಲೇಔಟ್ ಆಗಿ ಹೋದಾಗ ಏನೋ ಕಳೆದುಕೊಂಡೆವು ಎಂದು ಅನ್ನಿಸಲೂ ಇಲ್ಲ.

ಗುಲ್ಮಾರ್ಗಿಗೆ ಹೋಗುವವರು ಹೋಗಿ ಬನ್ನಿ. ಅದಕ್ಕೂ ಮೊದಲು ಒಂದು ಸಂಜೆ ಮಕ್ಕಳ ಕೈಗೆ ಮೊಬೈಲ್ ಕೊಟ್ಟು ಹತ್ತಿರದ ಪದವಿಗೆ ಕರೆದುಕೊಂಡು ಹೋಗಿ. ಮಳೆಗಾಲ ಮುಗಿಯುವ ಹೊತ್ತಾದರೆ ಒಳ್ಳೆಯದು, ಹೂ ಇರುತ್ತದೆ. ಕಲ್ಲಿನ ಮೇಲೆ ಪಾಚಿ ಜಾರುತ್ತದೆ, ಚಪ್ಪಲಿ ನೋಡಿ ಹಾಕಿಕೊಳ್ಳಿ.