ಗೇಟಿನಲ್ಲಿ ಯಾರ ಜೇಬು ನೋಡಬೇಕು?

ಪಾಳಿ ಮುಗಿಸಿ ಹೊರಗೆ ಬರುವ ಕೂಲಿಕಾರನನ್ನು ಗಿರಣಿಯ ಗೇಟಿನಲ್ಲಿ ನಿಲ್ಲಿಸಿ, ಮೈ ತಡವಿ, ಬುತ್ತಿಯ ಡಬ್ಬಿ ಬಿಚ್ಚಿ ನೋಡಿ ಕಳಿಸುವುದು ಹಳೆಯ ಪದ್ಧತಿ. ಒಂದು ಲಡಿ ನೂಲು ಕೂಡ ಹೊರಗೆ ಹೋಗಬಾರದೆಂಬುದು ಅದರ ಉದ್ದೇಶ. ಅಂಗಡಿಯವನ ತಕ್ಕಡಿಗೂ ಬಟ್ಟುಗಳಿಗೂ ಸರ್ಕಾರದ ಮುದ್ರೆ ಬೀಳಬೇಕು; ಮುದ್ರೆಯ ವಾಯಿದೆ ಮೀರಿದರೆ ದಂಡ ತೆರಬೇಕು. ಲೆಕ್ಕ ನೋಡುವುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಒಂದು ಪ್ರಶ್ನೆಯನ್ನು ಕೇಳಲೇಬೇಕಾಗಿದೆ. ಇತರರ ಜೇಬು ನೋಡುವ ಅಧಿಕಾರ ಯಾರ ಕೈಯಲ್ಲಿದೆಯೋ, ಅವರ ಜೇಬು ನೋಡುವವರು ಯಾರು?

ಈ ಪ್ರಶ್ನೆಯನ್ನು ಕೇಳದೆ ಬಿಟ್ಟರೆ ಏನಾಗುತ್ತದೆ ಎಂಬುದು ಅಮೆರಿಕದಲ್ಲಿ 2015ರಲ್ಲಿ ಬಯಲಿಗೆ ಬಂದ ಒಂದು ಮೊಕದ್ದಮೆಯಿಂದ ತಿಳಿಯುತ್ತದೆ. ಅದರಲ್ಲಿ ಆರೋಪಿಗಳಾಗಿ ನಿಂತವರು ಇಬ್ಬರು ಸರ್ಕಾರಿ ಅಧಿಕಾರಿಗಳು. ಒಬ್ಬನ ಹೆಸರು ಕಾರ್ಲ್ ಮಾರ್ಕ್ ಫೋರ್ಸ್. ಮಾದಕ ವಸ್ತು ನಿಗ್ರಹ ಇಲಾಖೆಯಲ್ಲಿ 15 ವರ್ಷ ದುಡಿದವನು. ಇನ್ನೊಬ್ಬ ಶಾನ್ ಬ್ರಿಡ್ಜಸ್. ಅಧ್ಯಕ್ಷರಿಗೆ ಕಾವಲು ನಿಲ್ಲುವ, ಖೋಟಾ ನೋಟಿನ ಜಾಲ ಹಿಡಿಯುವ ಸೀಕ್ರೆಟ್ ಸರ್ವಿಸ್ ಇಲಾಖೆಯವನು. ಬಂಧನವಾದಾಗ ಅವನ ವಯಸ್ಸು 32. ಕಂಪ್ಯೂಟರ್ ಅಪರಾಧಗಳ ತನಿಖೆಯಲ್ಲಿ ಪರಿಣತನೆನಿಸಿಕೊಂಡು, ಮುಂದೆ ಬಹು ದೂರ ಹೋಗಬಹುದಾಗಿದ್ದ ಮನುಷ್ಯ. ಇಬ್ಬರೂ ಯಾರ ಮನೆಗೂ ಕನ್ನ ಹಾಕಲಿಲ್ಲ, ಯಾರ ಎದೆಗೂ ಚೂರಿ ಹಿಡಿಯಲಿಲ್ಲ. ಮೇಜಿನ ಮುಂದೆ ಕುಳಿತು ಕೀಲಿಮಣೆಯ ಮೇಲೆ ಬೆರಳಾಡಿಸಿಯೇ ಲಕ್ಷಾಂತರ ಡಾಲರು ಕದ್ದರು.

ನಡೆದದ್ದನ್ನು ಓದುಗರಿಗೆ ಸ್ವಲ್ಪ ವಿವರವಾಗಿ ಹೇಳಬೇಕು. 2011ರಲ್ಲಿ ಅಂತರಜಾಲದ ಮರೆಯಲ್ಲಿ ‘ಸಿಲ್ಕ್ ರೋಡ್’ ಎಂಬ ಒಂದು ಸಂತೆ ಶುರುವಾಯಿತು. ಅಫೀಮು, ಕೊಕೇನು ಮೊದಲಾದ ನಿಷಿದ್ಧ ಸರಕುಗಳು ಅಲ್ಲಿ ಬಿಕರಿಯಾಗುತ್ತಿದ್ದವು. ಬಂದವರು ಯಾರು, ಎಲ್ಲಿಂದ ಬಂದರು ಎಂಬುದು ತಿಳಿಯದಂತೆ ಮುಸುಕು ಹಾಕುವ ತಂತ್ರ ಅದಕ್ಕಿತ್ತು. ಹಣ ಸಂದಾಯವಾಗುತ್ತಿದ್ದುದು ‘ಬಿಟ್‌ಕಾಯಿನ್’ ಎಂಬ ನಾಣ್ಯದಲ್ಲಿ. ಇದು ಕೈಗೆ ಸಿಗುವ ನಾಣ್ಯವಲ್ಲ, ಬರಿಯ ಲೆಕ್ಕದ ನಾಣ್ಯ. ಅದು ಯಾವ ಖಾತೆಯಿಂದ ಯಾವ ಖಾತೆಗೆ ಹೋಯಿತೆಂಬುದು ಎಲ್ಲರಿಗೂ ಕಾಣುವ ಒಂದು ಪುಸ್ತಕದಲ್ಲಿ ದಾಖಲಾಗುತ್ತದೆ. ಖಾತೆದಾರನ ಹೆಸರು ಮಾತ್ರ ಇರುವುದಿಲ್ಲ. ಅಂಗಡಿಯ ಕಿರ್ದಿ ಪುಸ್ತಕವನ್ನು ಊರ ಕಟ್ಟೆಯ ಮೇಲೆ ತೆರೆದಿಟ್ಟು, ಹೆಸರಿನ ಜಾಗದಲ್ಲಿ ಒಂದು ಗುರುತು ಮಾತ್ರ ಬರೆದಂತೆ. ಈ ಮಾತನ್ನು ನೆನಪಿನಲ್ಲಿಡಬೇಕು. ಕಳ್ಳರು ಕೊನೆಗೆ ಸಿಕ್ಕಿಬಿದ್ದದ್ದು ಇದೇ ಪುಸ್ತಕದಿಂದ.

ಈ ಸಂತೆಯ ಯಜಮಾನನನ್ನು ಹಿಡಿಯಲು ಬಾಲ್ಟಿಮೋರ್ ನಗರದಲ್ಲಿ ಹಲವು ಇಲಾಖೆಗಳವರನ್ನು ಸೇರಿಸಿ ಒಂದು ತನಿಖಾ ದಳ ಕಟ್ಟಿದರು. ಫೋರ್ಸ್ ಮತ್ತು ಬ್ರಿಡ್ಜಸ್ ಇಬ್ಬರೂ ಆ ದಳದವರು. ಫೋರ್ಸನಿಗೆ ವಹಿಸಿದ ಕೆಲಸ ವೇಷದ ಕೆಲಸ. ‘ನಾಬ್’ ಎಂಬ ಹೆಸರಿನಲ್ಲಿ ಕಳ್ಳಸಾಗಣೆದಾರನಂತೆ ನಟಿಸಿ ಯಜಮಾನನ ವಿಶ್ವಾಸ ಗಳಿಸಬೇಕಾಗಿತ್ತು. ಇದಕ್ಕೆ ಇಲಾಖೆಯ ಒಪ್ಪಿಗೆಯಿತ್ತು. ಆದರೆ ಆತ ಒಪ್ಪಿಗೆಯಿಲ್ಲದ ಇನ್ನೊಂದು ವೇಷ ಹಾಕಿದ. ‘ಫ್ರೆಂಚ್ ಮೇಡ್’ ಎಂಬ ಹೆಸರಿನಿಂದ ಅದೇ ಯಜಮಾನನಿಗೆ ಸರ್ಕಾರದ ತನಿಖೆಯ ಗುಟ್ಟನ್ನು ಮಾರಿ, ಸುಮಾರು 1 ಲಕ್ಷ ಡಾಲರಿನ ಬಿಟ್‌ಕಾಯಿನ್ ಪಡೆದ. ಒಂದು ಸಲ ಮೈಮರೆತು ಓಲೆಯ ಕೆಳಗೆ ‘ಕಾರ್ಲ್’ ಎಂದು ತನ್ನ ನಿಜವಾದ ಹೆಸರನ್ನೇ ಬರೆದುಬಿಟ್ಟ. ತಪ್ಪು ತಿಳಿದೊಡನೆ, ತನ್ನ ಹೆಸರು ಕಾರ್ಲಾ ಸೋಫಿಯಾ ಎಂದು ಇನ್ನೊಂದು ಓಲೆ ಕಳಿಸಿದ. ಕದಿಯಲು ಹೊರಟ ಬುದ್ಧಿವಂತನ ಬುದ್ಧಿ ಇಷ್ಟರಮಟ್ಟಿನದು.

ನಮ್ಮ ಓದುಗರಲ್ಲಿ ವ್ಯಾಪಾರಸ್ಥರಾದವರು ಮುಂದಿನ ಸಂಗತಿಯನ್ನು ಗಮನವಿಟ್ಟು ಓದಬೇಕು. ಫೋರ್ಸ್ ಸರ್ಕಾರಿ ನೌಕರಿಯಲ್ಲಿದ್ದಾಗಲೇ ಬಿಟ್‌ಕಾಯಿನ್ ವಿನಿಮಯದ ಒಂದು ಖಾಸಗಿ ಕಂಪನಿಯಲ್ಲೂ ಹುದ್ದೆ ಹಿಡಿದಿದ್ದ. ಆ ಕಂಪನಿಯ ಒಬ್ಬ ಗಿರಾಕಿಯ ಖಾತೆಯನ್ನು ಸರ್ಕಾರದ ಹೆಸರಿನಲ್ಲಿ ತಡೆಹಿಡಿಸಿ, ಅದರಲ್ಲಿದ್ದ ಸುಮಾರು 3 ಲಕ್ಷ ಡಾಲರು ಬೆಲೆಯ ನಾಣ್ಯವನ್ನು ತನ್ನ ಸ್ವಂತ ಖಾತೆಗೆ ಸಾಗಿಸಿಕೊಂಡ. ಅದಕ್ಕೆ ಕೋರ್ಟಿನ ಆಜ್ಞೆಯಿರಲಿಲ್ಲ. ಮತ್ತೊಂದು ಹಣ ಪಾವತಿ ಕಂಪನಿ ಆತನ ಸ್ವಂತ ಖಾತೆಯನ್ನು ಅನುಮಾನದಿಂದ ನಿಲ್ಲಿಸಿದಾಗ, ಮೇಲಧಿಕಾರಿಯ ಸಹಿಯ ಮೊಹರನ್ನು ಅಪ್ಪಣೆಯಿಲ್ಲದೆ ಒತ್ತಿ, ಖಾತೆ ತೆರೆಯಬೇಕೆಂದು ಸರ್ಕಾರಿ ಆಜ್ಞೆಯನ್ನೇ ಕಳಿಸಿದ. ಮೊಹರು ಇಲಾಖೆಯದು, ಲಾಭ ಅವನದು.

ಬ್ರಿಡ್ಜಸ್ ಮಾಡಿದ್ದು ಇದಕ್ಕಿಂತ ಘೋರ. 2013ರ ಜನವರಿಯಲ್ಲಿ ಸಿಲ್ಕ್ ರೋಡಿನ ಒಬ್ಬ ನೌಕರ ಪೊಲೀಸರ ಕೈಗೆ ಸಿಕ್ಕಿದ. ಆತ ತಪ್ಪೊಪ್ಪಿಕೊಂಡು, ತನಿಖೆಗೆ ಸಹಾಯವಾಗಲೆಂದು ಸಂತೆಯ ಲೆಕ್ಕ ತೆರೆಯುವ ಗುಪ್ತಪದವನ್ನು ಅಧಿಕಾರಿಗಳ ಮುಂದಿಟ್ಟ. ಬ್ರಿಡ್ಜಸ್ ಅದನ್ನೇ ಬಳಸಿ 20,000 ಬಿಟ್‌ಕಾಯಿನ್‌ಗಳನ್ನು ಹೊರಗೆ ಸಾಗಿಸಿದ. ಆ ದಿನದ ಬೆಲೆ ಸುಮಾರು 3.5 ಲಕ್ಷ ಡಾಲರು. ಮಾರಿದಾಗ ಕೈಗೆ ಬಂದದ್ದು ಸುಮಾರು 8.2 ಲಕ್ಷ ಡಾಲರು. ಕಳವಾದದ್ದು ಆ ನೌಕರನ ಗುಪ್ತಪದದಿಂದ. ಆದ್ದರಿಂದ ಸಂತೆಯ ಯಜಮಾನ ಸಂಶಯಪಟ್ಟದ್ದೂ ಅವನನ್ನೇ. ಸರ್ಕಾರ ಹೂಡಿದ ಆರೋಪದ ಪ್ರಕಾರ, ಅವನನ್ನು ಮುಗಿಸಬೇಕೆಂದು ಯಜಮಾನ 80,000 ಡಾಲರು ಕೊಟ್ಟ. ಕೊಟ್ಟದ್ದು ಯಾರಿಗೆ? ‘ನಾಬ್’ ಎಂಬ ವೇಷದ ಫೋರ್ಸನಿಗೆ! ಆದ್ದರಿಂದ ಆ ಬಡಪಾಯಿ ಬದುಕಿದ. ದಳದವರು ಅವನನ್ನು ಕೊಂದಂತೆ ನಟಿಸಿ ಸುಳ್ಳು ಫೋಟೋ ತೆಗೆದು ಕಳಿಸಿದರು. ಹಣ ಬೇರೊಬ್ಬ ನಿಜವಾದ ಕೊಲೆಗಡುಕನ ಕೈ ಸೇರಿದ್ದರೆ, ಅಧಿಕಾರಿಯ ಕಳವಿಗೆ ಇನ್ನೊಬ್ಬನ ಹೆಣ ಬೀಳುತ್ತಿತ್ತು. ಆ ನೌಕರ ಸಾಧುವೇನಲ್ಲ, ಅಪರಾಧಿಯೇ. ಆದರೆ ಅವನು ಮಾಡದ ಕಳವಿಗೆ ಅವನ ಪ್ರಾಣವನ್ನು ಪಣಕ್ಕಿಡುವ ಹಕ್ಕನ್ನು ಯಾವ ಕಾನೂನು ಯಾವ ಅಧಿಕಾರಿಗೆ ಕೊಟ್ಟಿದೆ?

ಇವರನ್ನು ಹಿಡಿದವರು ಯಾರು? ಅವರ ಮೇಲಧಿಕಾರಿಗಳಲ್ಲ. ಹೊರದೇಶದ ಒಂದು ವಿನಿಮಯ ಕಂಪನಿಗೆ ಫೋರ್ಸನ ವ್ಯವಹಾರದ ಮೇಲೆ ಅನುಮಾನ ಬಂತು. ತನ್ನ ಹಿಂದಿನ ಲೆಕ್ಕವನ್ನು ಅಳಿಸಬೇಕೆಂದು ಆತ ಕೇಳಿಕೊಂಡದ್ದು ಅನುಮಾನವನ್ನು ಹೆಚ್ಚಿಸಿತು. ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ವಕೀಲೆ ಕ್ಯಾಥರಿನ್ ಹಾನ್ ಮತ್ತು ತೆರಿಗೆ ಇಲಾಖೆಯ ತನಿಖಾಧಿಕಾರಿ ಟಿಗ್ರಾನ್ ಗಂಬರ್ಯಾನ್ ವಿಚಾರಣೆ ಕೈಗೊಂಡರು. ಮೊದಲೇ ಹೇಳಿದ ಆ ತೆರೆದ ಪುಸ್ತಕವನ್ನು ಸಾಲು ಸಾಲಾಗಿ ಓದಿ, ನಾಣ್ಯ ಎಲ್ಲಿಂದ ಹೊರಟು ಎಲ್ಲಿಗೆ ಸೇರಿತೆಂಬುದನ್ನು ಒಬ್ಬ ಒಳ್ಳೆಯ ಗುಮಾಸ್ತ ಕಿರ್ದಿಯನ್ನೂ ಖಾತೆಯನ್ನೂ ತಾಳೆ ನೋಡುವಂತೆ ನೋಡಿದರು. ತಪ್ಪೊಪ್ಪಿಗೆಯಾಯಿತು. 2015ರ ಅಕ್ಟೋಬರಿನಲ್ಲಿ ಫೋರ್ಸನಿಗೆ ಆರೂವರೆ ವರ್ಷ, ಡಿಸೆಂಬರಿನಲ್ಲಿ ಬ್ರಿಡ್ಜಸನಿಗೆ ಆರು ವರ್ಷಕ್ಕೆ ಒಂದು ತಿಂಗಳು ಕಡಿಮೆ ಸೆರೆವಾಸ ವಿಧಿಸಲಾಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಸೆರೆಮನೆಗೆ ಹಾಜರಾಗಬೇಕಾದ ಹಿಂದಿನ ದಿನ, 2016ರ ಜನವರಿಯಲ್ಲಿ, ಬ್ರಿಡ್ಜಸನನ್ನು ಪುನಃ ಬಂಧಿಸಿದರು. ಸರ್ಕಾರ ಜಪ್ತಿ ಮಾಡಿ ಇಟ್ಟಿದ್ದ ಇನ್ನೂ ಸುಮಾರು 1,600 ಬಿಟ್‌ಕಾಯಿನ್‌ಗಳನ್ನು ಆತ 2015ರಲ್ಲಿ, ಕೆಲಸ ಬಿಟ್ಟ ಮೇಲೆ, ಸಾಗಿಸಿದ್ದನೆಂದು ಹೊರಬಿತ್ತು. ಇದಕ್ಕಾಗಿ 2017ರಲ್ಲಿ ಇನ್ನೆರಡು ವರ್ಷ ಶಿಕ್ಷೆಯಾಯಿತು. ಅವನು ರಾಜೀನಾಮೆ ಕೊಟ್ಟು ಹೋಗಿದ್ದ. ತಿಜೋರಿಯ ಕೀಲಿ ಮಾತ್ರ ಅವನ ಹತ್ತಿರವೇ ಉಳಿದಿತ್ತು. ಕಿರಾಣಿ ಅಂಗಡಿಯವನೂ ಗುಮಾಸ್ತನನ್ನು ಬಿಡಿಸಿದ ದಿನವೇ ಬೀಗ ಬದಲಾಯಿಸುತ್ತಾನೆ. ಅಷ್ಟು ದೊಡ್ಡ ಸರ್ಕಾರದ ಅಷ್ಟು ದೊಡ್ಡ ಇಲಾಖೆಗೆ ಅಷ್ಟು ಬುದ್ಧಿ ಇರಲಿಲ್ಲ.

ನಷ್ಟ ಹಣದ್ದು ಮಾತ್ರವಲ್ಲ. ಸಂತೆಯ ಯಜಮಾನ ರಾಸ್ ಉಲ್ಬ್ರಿಕ್ಟ್ 2013ರ ಅಕ್ಟೋಬರಿನಲ್ಲಿ ಬಂಧಿತನಾಗಿ, 2015ರಲ್ಲಿ ಜೀವಾವಧಿ ಶಿಕ್ಷೆ ಪಡೆದ. ಆದರೆ ಮೇರಿಲ್ಯಾಂಡಿನಲ್ಲಿ ಹೂಡಿದ್ದ ಕೊಲೆ ಸಂಚಿನ ಮೊಕದ್ದಮೆ ವಿಚಾರಣೆಯನ್ನೇ ಕಾಣದೆ 2018ರಲ್ಲಿ ಕೈಬಿಟ್ಟುಹೋಯಿತು. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಅವನಿಗೆ ಕ್ಷಮಾದಾನ ಕೊಟ್ಟರು. ಸಾಕ್ಷ್ಯ ಕೂಡಿಸಬೇಕಾದ ಕೈಗಳೇ ಕೊಳೆಯಾದರೆ, ಸಾಕ್ಷ್ಯವನ್ನು ನಂಬುವವರು ಯಾರು?

ಇಬ್ಬರು ದುರಾಶೆಗಾರರ ಕಥೆಯಿಂದ ನಮಗೇನಾಗಬೇಕು ಎಂದು ಕೆಲವರು ಕೇಳಬಹುದು. ಎಲ್ಲ ಕಸುಬಿನಲ್ಲೂ ಕೆಟ್ಟವರಿರುತ್ತಾರೆ, ನಿಜ. ಆದರೆ ದುರಾಶೆ ಒಂದರಿಂದಲೇ ಕಳವಾಗುವುದಿಲ್ಲ, ಅವಕಾಶವೂ ಬೇಕು. ಗುಟ್ಟು ಕೇಳುವವನು, ಖಾತೆ ತಡೆಯುವವನು, ಹಣ ಜಪ್ತಿ ಮಾಡುವವನು, ಜಪ್ತಿಯ ವರದಿ ಬರೆಯುವವನು, ಎಲ್ಲ ಒಬ್ಬನೇ ಆದಾಗ ಅವಕಾಶ ತಾನೇ ಹುಟ್ಟುತ್ತದೆ. ಈ ಇಬ್ಬರ ಬಾಳು ಹಾಳಾದದ್ದಕ್ಕೆ ಮೊದಲ ಹೊಣೆ ಅವರದೇ. ಎರಡನೆಯ ಹೊಣೆ ಅವರನ್ನು ಒಂಟಿಯಾಗಿ ತಿಜೋರಿಯ ಮುಂದೆ ಕೂರಿಸಿ ಹೋದ ವ್ಯವಸ್ಥೆಯದು.

ನಮ್ಮ ನಾಡಿನಲ್ಲಿಯೂ ಈ ಮಾತು ದೂರದ್ದಲ್ಲ. ಬೆಂಗಳೂರಿನ ಬಿಟ್‌ಕಾಯಿನ್ ಪ್ರಕರಣದ ತನಿಖೆಯನ್ನೇ ತನಿಖೆ ಮಾಡಲು 2023ರಲ್ಲಿ ವಿಶೇಷ ದಳ ನೇಮಿಸಬೇಕಾಯಿತು. 2024ರ ಜನವರಿಯಲ್ಲಿ ಸಾಕ್ಷ್ಯ ತಿದ್ದಿದ ಆರೋಪದ ಮೇಲೆ ಒಬ್ಬ ಪೊಲೀಸ್ ಇನ್ಸ್‌ಪೆಕ್ಟರನ್ನೇ ಬಂಧಿಸಲಾಯಿತು. ಆರೋಪ ನಿಜವೋ ಸುಳ್ಳೋ ಹೇಳುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ. ಆದರೆ ಪ್ರಶ್ನೆ ಏಳುವಂತಾಯಿತು ಎಂಬುದೇ ಎಚ್ಚರಿಕೆ.

ಇನ್ನು ನಿತ್ಯದ ಮಾತು. ಇಂದು ಕೂಲಿಕಾರನ ಪಗಾರ ಬ್ಯಾಂಕಿನ ಖಾತೆಗೆ ಬೀಳುತ್ತದೆ. ಸೊಪ್ಪು ಮಾರುವ ಹೆಂಗಸೂ ಫೋನಿನಲ್ಲಿ ಹಣ ತೆಗೆದುಕೊಳ್ಳುತ್ತಾಳೆ. ಗಿರಾಕಿ ಕೊಟ್ಟ ನೂರಿನ್ನೂರು ರೂಪಾಯಿ ಎಲ್ಲೋ ನಡೆದ ವಂಚನೆಯ ಹಣದ ಕೊಂಡಿಯೆಂದು ಕಂಡರೆ, ಹೊರ ರಾಜ್ಯದ ಠಾಣೆಯಿಂದ ಬ್ಯಾಂಕಿಗೆ ಪತ್ರ ಬಂದು ವ್ಯಾಪಾರಿಯ ಇಡೀ ಖಾತೆ ನಿಂತುಹೋದ ಪ್ರಸಂಗಗಳು ದೇಶದ ನಾನಾ ಕಡೆ ನಡೆದಿವೆ, ಹೈಕೋರ್ಟುಗಳವರೆಗೂ ಹೋಗಿವೆ. ಒಂದು ಪತ್ರದಿಂದ ಒಂದು ಸಂಸಾರದ ಒಲೆ ಆರಬಹುದಾದರೆ, ಆ ಪತ್ರ ಬರೆಯುವ ಕೈಯ ಮೇಲೆ ಇನ್ನೊಂದು ಕಣ್ಣಿರಬೇಡವೆ?

ಸೈಬರ್ ಕಳ್ಳರು ಮೆರೆಯುವ ಈ ಕಾಲದಲ್ಲಿ ಪೊಲೀಸರ ಕೈ ಕಟ್ಟುತ್ತೀರಾ ಎಂಬ ಆಕ್ಷೇಪ ಬರುತ್ತದೆ. ಖಂಡಿತ ಇಲ್ಲ. ಹಣ ಕಳೆದುಕೊಂಡವನು 1930ಕ್ಕೆ ಫೋನು ಮಾಡಿದ ಕೂಡಲೇ ತಡೆ ಬೀಳಬೇಕು; ಅಲ್ಲಿ ತಡಮಾಡಿದರೆ ಕಳ್ಳನೇ ಗೆಲ್ಲುತ್ತಾನೆ. ತಡೆಯಲು ಅವಸರವಿರಲಿ. ತಡೆದ ಮೇಲೆ ಲೆಕ್ಕವಿರಲಿ. ಹಬ್ಬ ಹರಿದಿನ ನೋಡದೆ ಬಂದೋಬಸ್ತಿಗೆ ನಿಲ್ಲುವ ಪೇದೆಯ ಮೇಲೆ ನಮಗೆ ಯಾವ ಹಗೆಯೂ ಇಲ್ಲ. ಆತನೂ ಪಗಾರದ ಮೇಲೆ ಬದುಕುವವನೇ. ಸರಿಯಾದ ಲೆಕ್ಕ ಪ್ರಾಮಾಣಿಕನಾದ ಪೊಲೀಸನಿಗೆ ರಕ್ಷೆ. ಅಪ್ರಾಮಾಣಿಕನಿಗೆ ಮಾತ್ರ ಅದು ಸಂಕೋಲೆ.

ಕಾನೂನಿನಲ್ಲಿ ದಾರಿ ಇಲ್ಲದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ಶೋಧ ಮತ್ತು ಜಪ್ತಿಯನ್ನು ಚಿತ್ರೀಕರಿಸಬೇಕು. ಜಪ್ತಿಯ ವರದಿ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. 2006ರಲ್ಲಿ ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ರಾಜ್ಯಕ್ಕೂ ಜಿಲ್ಲೆಗೂ ಪೊಲೀಸ್ ದೂರು ಪ್ರಾಧಿಕಾರ ಇರಬೇಕೆಂದು ಆಜ್ಞೆ ಮಾಡಿತು. ತಮ್ಮ ಜಿಲ್ಲೆಯಲ್ಲಿ ಆ ಪ್ರಾಧಿಕಾರದ ಬಾಗಿಲು ಎಲ್ಲಿದೆಯೆಂದು ನಮ್ಮ ಓದುಗರಲ್ಲಿ ಎಷ್ಟು ಮಂದಿಗೆ ಗೊತ್ತು?

ಆದ್ದರಿಂದ ನಾವು ಕೇಳುವುದು ನಾಲ್ಕೇ ಮಾತು. ಜಪ್ತಿಯಾದ ಹಣದ ಮತ್ತು ಬಿಟ್‌ಕಾಯಿನ್‌ನ ಕೀಲಿ ಎಂದೂ ಒಬ್ಬರ ಕೈಯಲ್ಲಿರಬಾರದು. ತನಿಖೆ ಮಾಡಿದವನು ಅದನ್ನು ಕಾಯಬಾರದು. ಅಧಿಕಾರಿ ವರ್ಗವಾದ ದಿನವೇ, ಕೆಲಸ ಬಿಟ್ಟ ದಿನವೇ, ಕೀಲಿ ಬದಲಾಗಬೇಕು. ಖಾತೆ ತಡೆಹಿಡಿದರೆ ಕಾರಣವನ್ನೂ ಅಧಿಕಾರಿಯ ಹೆಸರನ್ನೂ ಖಾತೆದಾರನಿಗೆ ಬರಹದಲ್ಲಿ ತಿಳಿಸಬೇಕು; ಅನುಮಾನದ ಮೊತ್ತವನ್ನಷ್ಟೇ ತಡೆಯಬೇಕು. ಇಲಾಖೆಯ ಮೇಲಿನ ದೂರನ್ನು ಇಲಾಖೆಗೆ ಸೇರದವರು ವಿಚಾರಿಸಬೇಕು. ಫೋರ್ಸ್ ಮತ್ತು ಬ್ರಿಡ್ಜಸರನ್ನು ಹಿಡಿದವರು ಹೊರಗಿನವರೇ ಎಂಬುದನ್ನು ಮರೆಯಬಾರದು.

ಸರ್ಕಾರ ತಾನಾಗಿ ಇದನ್ನು ಮಾಡುವವರೆಗೆ ನಾವು ಸುಮ್ಮನೆ ಕೂರಬೇಕಾಗಿಲ್ಲ. ಖಾತೆ ನಿಂತರೆ ಬ್ಯಾಂಕಿನಿಂದ ಠಾಣೆಯ ಹೆಸರು, ಪತ್ರದ ತಾರೀಖು, ನಂಬರು ಬರೆಸಿಕೊಳ್ಳಿ. ಜಪ್ತಿಯಾದರೆ ಮಹಜರಿನ ನಕಲು ಕೇಳಿ. ಓದದೆ ಸಹಿ ಹಾಕಬೇಡಿ. ಒಬ್ಬರೇ ಹೋಗಲು ಅಂಜಿಕೆಯಾದರೆ ಯೂನಿಯನ್ನಿನ ನಾಲ್ವರು, ವರ್ತಕರ ಸಂಘದ ನಾಲ್ವರು ಜೊತೆಗೆ ಹೋಗಿ. ಲೆಕ್ಕ ಕೇಳುವುದು ಅವಿಧೇಯತೆಯಲ್ಲ. ನಮ್ಮ ಬುತ್ತಿಯ ಡಬ್ಬಿಯನ್ನು ದಿನವೂ ಬಿಚ್ಚಿ ತೋರಿಸುವ ನಮಗೆ ಆ ಹಕ್ಕು ಇದ್ದೇ ಇದೆ.