ತಗ್ಗುತ್ತಿರುವ ಲವಣಸಮುದ್ರ

ಯೊರ್ದನ್ ಹೊಳೆಯ ಕೊನೆಯಲ್ಲಿರುವ ಲವಣಸಮುದ್ರವನ್ನು ಭೂಪಟದಲ್ಲಿ ಬೆರಳಿಟ್ಟು ತೋರಿಸದೆ ನಮ್ಮ ಶಾಲೆಯನ್ನು ಬಿಟ್ಟ ಸಹೋದರಿಯರು ವಿರಳ. ಆ ಪಟವನ್ನು ಈಗ ತಿದ್ದಬೇಕಾಗಿದೆ. ಹೆಸರಿಗೆ ಸಮುದ್ರವಾದರೂ ಅದು ಹೊರದಾರಿಯಿಲ್ಲದ ಸರೋವರ. ಬಂದ ನೀರು ಬಿಸಿಲಿಗೆ ಆರಿ ಉಪ್ಪು ಮಾತ್ರ ಉಳಿಯುವದು. ಅದರ ಮಟ್ಟವು ಕಡಲಿಗಿಂತ ೪೩೦ ಮೀಟರಿಗೂ ಕೆಳಗಿದ್ದು, ವರ್ಷಕ್ಕೆ ಸುಮಾರು ಒಂದು ಮೀಟರಿನಂತೆ ಇನ್ನೂ ಇಳಿಯುತ್ತಿರುವದು.

ಇದಕ್ಕೆ ಮಳೆಯನ್ನು ದೂರುವವರುಂಟು, ನಾನು ಒಪ್ಪಲಾರೆನು. ೧೯೬೪ರಲ್ಲಿ ಇಸ್ರಾಯೇಲ್ ದೇಶವು ಗಲಿಲಾಯದ ಸರೋವರದ ನೀರನ್ನು ದಕ್ಷಿಣಕ್ಕೆ ಒಯ್ಯತೊಡಗಿತು; ಉಪನದಿಯಾದ ಯರ್ಮುಕನ್ನು ಸಿರಿಯ, ಜೋರ್ಡನ್ ರಾಜ್ಯಗಳು ಹೊಲಗಳಿಗೆ ತಿರುಗಿಸಿದವು. ಸಾಲದೆಂಬಂತೆ ಕಾರ್ಖಾನೆಗಳು ಪೊಟ್ಯಾಶಿಗಾಗಿ ಸರೋವರದ ನೀರನ್ನೇ, ನಮ್ಮ ಕರಾವಳಿಯ ಉಪ್ಪಿನಾಗರಗಳ ರೀತಿಯಲ್ಲಿ, ಆರಿಸುತ್ತಿರುವವು. ನೀರು ಹಿಂಜರಿದ ದಡದಲ್ಲಿ ಸಿಹಿನೀರು ಒಳಸೇರಿ ಉಪ್ಪಿನ ಪದರವನ್ನು ಕರಗಿಸಲು, ನೆಲವು ಇದ್ದಕ್ಕಿದ್ದಂತೆ ಬಾಯ್ದೆರೆಯುವದು. ಅಂಥ ಕುಳಿಗಳು ಸಾವಿರಾರು. ಏಂಗೆದಿಯಲ್ಲಿ ಖರ್ಜೂರದ ತೋಟವನ್ನೇ ಬಿಟ್ಟುಬಿಡಬೇಕಾಯಿತು.

ಕೆಂಪು ಸಮುದ್ರದಿಂದ ನೀರು ತರುವ ಯೋಜನೆಯನ್ನು ಜೋರ್ಡನ್ ರಾಜ್ಯವು ೨೦೨೧ರಲ್ಲಿ ಕೈಬಿಟ್ಟಿತು. ಆದದ್ದು ಒಳ್ಳೆಯದೇ. ಹತ್ತಿರದ ಹೊಳೆಗೆ ಅದರ ಪಾಲನ್ನು ಕೊಡದೆ ದೂರದ ಕಡಲನ್ನು ಕರೆಯುವದೇಕೆ? ಆದರೆ ಕುಡಿಯುವ ನೀರಿಗೇ ಪರದಾಡುವ ಜೋರ್ಡನಿನವರನ್ನು ಮೊದಲು ಕೇಳುವದು ನ್ಯಾಯವಲ್ಲ. ಕಡಲ ನೀರನ್ನು ಸಿಹಿಮಾಡುವ ದೊಡ್ಡ ಯಂತ್ರಾಗಾರಗಳು ಇಸ್ರಾಯೇಲಿನಲ್ಲಿ ನಡೆಯುತ್ತಿರುವವು. ಗಲಿಲಾಯದ ಬಾಗಿಲನ್ನು ಮೊದಲು ತೆರೆಯಬೇಕಾದವರು ಅವರೇ.