ಪೋಷಕರ ಸಹಿಗಷ್ಟೇ ಜಾಗ: ಪ್ರಗತಿ ಪತ್ರ ಹೇಳದ ಪ್ರಗತಿ

ಬೆಂಗಳೂರು: 2024ರ ಏಪ್ರಿಲ್‌ 8ರಂದು ರಾಜ್ಯದ 5, 8 ಮತ್ತು 9ನೇ ತರಗತಿ ಮಕ್ಕಳ ಮೌಲ್ಯಾಂಕನ ಪರೀಕ್ಷೆಯ ಫಲಿತಾಂಶ ಶಾಲೆಗಳಲ್ಲಿ ಪ್ರಕಟವಾಗತೊಡಗಿತ್ತು. ಅದೇ ದಿನ ಸುಪ್ರೀಂ ಕೋರ್ಟ್‌ ಮಧ್ಯಂತರ ಆದೇಶ ಹೊರಡಿಸಿತು. ಈ ಫಲಿತಾಂಶವನ್ನು ಯಾವ ಉದ್ದೇಶಕ್ಕೂ ಪರಿಗಣಿಸಕೂಡದು, ಪೋಷಕರಿಗೆ ತಿಳಿಸಲೂ ಕೂಡದು ಎಂಬುದು ಅದರ ಸಾರ. ಮಗುವಿನ ಓದಿನ ವಿವರವನ್ನು ಹೆತ್ತವರಿಗೆ ಹೇಳಬೇಡಿ ಎಂದು ದೇಶದ ಅತ್ಯುನ್ನತ ನ್ಯಾಯಾಲಯವೇ ಹೇಳಬೇಕಾದ ಪರಿಸ್ಥಿತಿ ಬಂದೊದಗಿತ್ತು.

ತಪ್ಪು ನ್ಯಾಯಾಲಯದ್ದಲ್ಲ. 2023ರ ಮಾರ್ಚ್‌ನಲ್ಲಿಯೇ 5 ಮತ್ತು 8ನೇ ತರಗತಿಯ ಪರೀಕ್ಷೆಯನ್ನು ಹೈಕೋರ್ಟ್‌ನ ಏಕಸದಸ್ಯ ಪೀಠ ರದ್ದುಪಡಿಸಿ, ವಿಭಾಗೀಯ ಪೀಠ ಅನುಮತಿಸಿತ್ತು. ಮರುವರ್ಷ 9 ಮತ್ತು 11ನೇ ತರಗತಿಗಳೂ ಸೇರಿಕೊಂಡವು. 2024ರ ಮಾರ್ಚ್‌ 6ರಂದು ಅಧಿಸೂಚನೆ ರದ್ದಾಯಿತು. ಮರುದಿನವೇ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ನೀಡಿತು. 11ರಂದು ಪರೀಕ್ಷೆ ಶುರುವಾಯಿತು. 12ರಂದು ಸುಪ್ರೀಂ ಕೋರ್ಟ್‌ ಆ ತಡೆಯನ್ನು ತೆರವುಗೊಳಿಸಿದ್ದರಿಂದ ಅರ್ಧಕ್ಕೇ ನಿಂತಿತು. 22ರಂದು ವಿಭಾಗೀಯ ಪೀಠ ಸರ್ಕಾರದ ಪರ ತೀರ್ಪಿತ್ತ ಬಳಿಕ ಮುಂದುವರಿಯಿತು. ಹತ್ತು-ಹನ್ನೊಂದರ ವಯಸ್ಸಿನ ಮಗುವಿನ ಉತ್ತರಪತ್ರಿಕೆ ಒಂದೇ ತಿಂಗಳಿನಲ್ಲಿ ಇಷ್ಟು ಬಾರಿ ಕಟಕಟೆ ಹತ್ತಿಳಿಯಿತು.

ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಮಂಡಳಿ ಪರೀಕ್ಷೆ ಇರಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 30ನೇ ಸೆಕ್ಷನ್‌ ಹೇಳುತ್ತದೆ. ತಾನು ನಡೆಸುತ್ತಿರುವುದು ಮಂಡಳಿ ಪರೀಕ್ಷೆಯಲ್ಲ, ಮೌಲ್ಯಾಂಕನ ಎಂದು ಸರ್ಕಾರ ವಾದಿಸಿತು. ಅನುದಾನರಹಿತ ಖಾಸಗಿ ಶಾಲೆಗಳ ಸಂಘಟನೆಗಳು ಇದನ್ನು ಒಪ್ಪಲಿಲ್ಲ. ಪರೀಕ್ಷೆಯನ್ನು ಯಾರು ನಡೆಸಬೇಕು, ಪ್ರಶ್ನೆಪತ್ರಿಕೆಯನ್ನು ಯಾರು ಕಳುಹಿಸಬೇಕು ಎಂಬುದರ ಸುತ್ತಲೇ ವ್ಯಾಜ್ಯ ಗಿರಕಿ ಹೊಡೆಯಿತು. ಪರೀಕ್ಷೆಯ ನಂತರ ಮನೆಗೆ ಏನು ಹೇಳಬೇಕು ಎಂಬುದು ಮುಖ್ಯ ವಿಷಯವಾಗಲೇ ಇಲ್ಲ.

ವಾಸ್ತವವಾಗಿ ಇದಕ್ಕೂ ಅದೇ ಕಾಯ್ದೆಯಲ್ಲಿ ಉತ್ತರವಿದೆ. ಪೋಷಕರೊಂದಿಗೆ ನಿಯಮಿತವಾಗಿ ಸಭೆ ನಡೆಸಿ, ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿ ಆಗಿರುವ ಪ್ರಗತಿಯನ್ನು ತಿಳಿಸುವುದು ಶಿಕ್ಷಕರ ಕರ್ತವ್ಯವೆಂದು 24ನೇ ಸೆಕ್ಷನ್‌ ವಿಧಿಸಿದೆ. ಅಂಕಪಟ್ಟಿ ಕೊಟ್ಟು ಸಹಿ ಪಡೆಯಬೇಕೆಂದು ಅದು ಹೇಳುವುದಿಲ್ಲ. ತಿಳಿಸಬೇಕು ಎನ್ನುತ್ತದೆ. ಮಂಡಳಿ ಪರೀಕ್ಷೆ ಬೇಡವೆನ್ನುವ ಸೆಕ್ಷನ್ನಿಗೆ ದೊರೆತ ಪ್ರಚಾರದ ಕಾಲು ಭಾಗವೂ ಇದಕ್ಕೆ ದೊರೆತಿಲ್ಲ.

‘ಎ’ ಅಕ್ಷರದ ಒಡಲಿನಲ್ಲಿ

ಒಂದು ತಲೆಮಾರಿನ ಹಿಂದಿನ ಪ್ರೋಗ್ರೆಸ್‌ ಕಾರ್ಡಿನಲ್ಲಿ ಅಂಕವಿತ್ತು, ರ‍್ಯಾಂಕ್‌ ಇತ್ತು, 35ಕ್ಕಿಂತ ಕಡಿಮೆ ಬಂದ ವಿಷಯದ ಕೆಳಗೆ ಕೆಂಪು ಗೆರೆಯಿತ್ತು. ಆ ಗೆರೆ ಮಕ್ಕಳಿಗೆ ಮಾಡಿದ ಗಾಯವನ್ನು ಯಾರೂ ಅಲ್ಲಗಳೆಯಲಾರರು. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಜಾರಿಗೆ ಬಂದಾಗ ಗೆರೆ ಹೋಯಿತು, ರ‍್ಯಾಂಕ್‌ ಹೋಯಿತು, ಶ್ರೇಣಿ ಬಂತು. ನಾಲ್ಕು ರೂಪಣಾತ್ಮಕ ಹಾಗೂ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ನಡೆದು, ಕೊನೆಗೆ ಮನೆಗೆ ಬರುವುದು ‘ಎ ಪ್ಲಸ್‌’ನಿಂದ ‘ಸಿ’ವರೆಗಿನ ಐದು ಶ್ರೇಣಿಗಳಲ್ಲಿ ಒಂದು.

ರಾಜ್ಯ ಪಠ್ಯಕ್ರಮದಲ್ಲಿ 70ರಿಂದ 89ರವರೆಗೆ ‘ಎ’. 50ರಿಂದ 69ರವರೆಗೆ ‘ಬಿ ಪ್ಲಸ್‌’. ಜೂನ್‌ನಲ್ಲಿ 88 ಪಡೆಯುತ್ತಿದ್ದ ಮಗು ಮಾರ್ಚ್‌ ವೇಳೆಗೆ 71ಕ್ಕೆ ಕುಸಿದರೂ ಮನೆಯವರ ಕಣ್ಣಿಗೆ ಬೀಳುವುದು ಅದೇ ‘ಎ’. ಇತ್ತ 70ರಿಂದ 69ಕ್ಕೆ ಇಳಿದ ಪಕ್ಕದ ಮನೆಯ ಮಗುವಿಗೆ ಬೈಗುಳ ಕಾದಿರುತ್ತದೆ. 30ರಿಂದ 49ರವರೆಗಿನ ‘ಬಿ’ಯ ಕಥೆ ಇನ್ನೂ ಗಂಭೀರ. ‘ಬಿ’ ಎಂದರೆ ಎರಡನೆಯ ದರ್ಜೆ, ಪರವಾಗಿಲ್ಲ ಎಂದು ಭಾವಿಸುವ ತಂದೆಗೆ, ಆ ಅಕ್ಷರದೊಳಗೆ ಹಳೆಯ ಕೆಂಪು ಗೆರೆಯೂ ಅಡಗಿರಬಹುದೆಂದು ಯಾರೂ ಹೇಳುವುದಿಲ್ಲ.

ಹೀಗೆ ಅಡಗಿದ್ದು ಹೊರಬರುವುದು ಎಸ್ಸೆಸ್ಸೆಲ್ಸಿಯಲ್ಲಿ. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್‌ ಕಣ್ಗಾವಲು ಬಂದ ವರ್ಷ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ, ಉತ್ತೀರ್ಣರ ಪ್ರಮಾಣ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು. ಅನುತ್ತೀರ್ಣರಾದವರೆಲ್ಲ ಒಂಬತ್ತು ವರ್ಷ ಪ್ರಗತಿ ಪತ್ರ ತಂದು, ಸಹಿ ಹಾಕಿಸಿಕೊಂಡು ಹೋದವರೇ. 2025-26ನೇ ಸಾಲಿನಿಂದ ಉತ್ತೀರ್ಣತೆಯ ಮಿತಿಯನ್ನು, ಆಂತರಿಕ ಅಂಕವನ್ನೂ ಸೇರಿಸಿ, ಶೇ 33ಕ್ಕೆ ಇಳಿಸಲಾಯಿತು. ಶಾಲೆಯೇ ನೀಡುವ ಅಂಕದ ತೂಕ ಹೆಚ್ಚಿದೆ ಎಂದಾದರೆ, ಅದನ್ನು ಏತಕ್ಕೆ ನೀಡಲಾಯಿತೆಂದು ಪೋಷಕರಿಗೆ ವಿವರಿಸುವ ಹೊಣೆಯೂ ಹೆಚ್ಚಬೇಕಲ್ಲವೇ?

ಗೋಡೆಯ ಮೇಲಿದ್ದ ಉತ್ತರ

ವಿಪರ್ಯಾಸವೆಂದರೆ, ಸರಿಯಾದ ಮಾದರಿಗಾಗಿ ಕರ್ನಾಟಕ ದೂರ ಹೋಗಬೇಕಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್‌.ಡಿ. ಕೋಟೆಯಲ್ಲಿ, ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರೇರಣೆಯಿಂದ ಆರಂಭವಾದ ‘ನಲಿ-ಕಲಿ’ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳ 1ರಿಂದ 3ನೇ ತರಗತಿಗಳಿಗೆ ವಿಸ್ತರಿಸಿತು. ಅಲ್ಲಿ ಪಾಠದ ಬದಲು ಕಲಿಕಾ ಏಣಿ, ಅಧ್ಯಾಯದ ಬದಲು ಮೈಲಿಗಲ್ಲು. ಪ್ರತಿ ಮಗು ಯಾವ ಮೆಟ್ಟಿಲಿನಲ್ಲಿದೆ ಎಂಬುದನ್ನು ತರಗತಿಯ ಗೋಡೆಯ ಮೇಲಿನ ‘ಪ್ರಗತಿ ನೋಟ’ ತೋರಿಸುತ್ತದೆ. ಮಗ ಒತ್ತಕ್ಷರಕ್ಕೆ ಬಂದಿದ್ದಾನೆಯೇ, ಇನ್ನೂ ಕಾಗುಣಿತದಲ್ಲಿಯೇ ಇದ್ದಾನೆಯೇ ಎಂದು ತಿಳಿಯಲು ತಾಯಿ ಶೇಕಡಾವಾರು ಲೆಕ್ಕ ಹಾಕಬೇಕಿಲ್ಲ. ಓದು ಬಾರದಿದ್ದರೂ ಶಿಕ್ಷಕಿ ಬೆರಳಿಟ್ಟು ತೋರಿಸಿದರೆ ಸಾಕು.

ನಲಿ-ಕಲಿಯನ್ನು ಟೀಕಿಸುವವರಿದ್ದಾರೆ, ಏಣಿ ಹತ್ತಿಸಿದಂತೆ ತೋರಿಸಿ ದಾಖಲೆ ತುಂಬಲು ಯಾವ ವಿಧಾನದಲ್ಲಿಯೂ ಅಡ್ಡಿಯಿಲ್ಲ. ಆದರೂ ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ಅಲ್ಲಿನ ಭಾಷೆ. 4ನೇ ತರಗತಿಗೆ ಕಾಲಿಟ್ಟೊಡನೆ ಆ ಭಾಷೆ ನಿಂತು, ಶ್ರೇಣಿಯ ಭಾಷೆ ಆರಂಭವಾಗುತ್ತದೆ. ‘ಅಸರ್‌’ 2024ರ ವರದಿಯ ಪ್ರಕಾರ ಗ್ರಾಮೀಣ ಭಾರತದ 5ನೇ ತರಗತಿಯ ಮಕ್ಕಳಲ್ಲಿ 2ನೇ ತರಗತಿಯ ಪಠ್ಯವನ್ನು ಓದಬಲ್ಲವರು ಶೇ 48.8 ಮಾತ್ರ. ಉಳಿದ ಅರ್ಧಕ್ಕೂ ಹೆಚ್ಚು ಮಕ್ಕಳ ಮನೆಗಳಿಗೆ ಈ ಸರಳ ಸಂಗತಿಯನ್ನು ತಿಳಿಸಬಲ್ಲ ಅಂಕಣ ಎಷ್ಟು ಪ್ರಗತಿ ಪತ್ರಗಳಲ್ಲಿದೆ?

ನಗರದ ಖಾಸಗಿ ಶಾಲೆಗಳಲ್ಲಿ ಮಾಹಿತಿಯ ಕೊರತೆಯಿಲ್ಲ. ಮೊಬೈಲ್‌ ಆ್ಯಪ್‌ಗೆ ದಿನವಿಡೀ ಸಂದೇಶ ಬರುತ್ತದೆ. ಹೋಮ್‌ವರ್ಕ್‌, ಶುಲ್ಕದ ಕೊನೆಯ ದಿನಾಂಕ, ಕಿರುಪರೀಕ್ಷೆಯ ಅಂಕ, ತರಗತಿಯ ಸರಾಸರಿ. ಪೋಷಕರ ಸಭೆಯಲ್ಲಿ ಮಾತ್ರ ಪ್ರತಿ ಮಗುವಿನ ಪಾಲಿಗೆ ಐದು ನಿಮಿಷವೂ ಸಿಗುವುದು ಕಷ್ಟ. ಸರ್ಕಾರಿ ಶಾಲೆಯ ಶಿಕ್ಷಕರಾದರೋ ಅದೇ ಅಂಕವನ್ನು ‘ಸ್ಯಾಟ್ಸ್‌’ ತಂತ್ರಾಂಶಕ್ಕೆ ತುಂಬುವುದರಲ್ಲಿ ನಿರತರು. ಅಂಕ ಮೊದಲು ಇಲಾಖೆಗೆ ಏರುತ್ತದೆ, ಮನೆಗೆ ಆಮೇಲೆ ಇಳಿಯುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಇದಕ್ಕೆ ‘ಸಮಗ್ರ ಪ್ರಗತಿ ಪತ್ರ’ವನ್ನು ಮುಂದಿಟ್ಟಿತು. ಕೇಂದ್ರದ ‘ಪರಖ್‌’ ಸಿದ್ಧಪಡಿಸಿದ ಮಾದರಿಯಲ್ಲಿ ಶಿಕ್ಷಕರಷ್ಟೇ ಅಲ್ಲ, ಮಗು, ಸಹಪಾಠಿ, ಪೋಷಕರೂ ಬರೆಯಲು ಪುಟಗಳಿವೆ. ಆಶಯ ಒಳ್ಳೆಯದೇ. ನಲವತ್ತು ಮಕ್ಕಳಿರುವ ತರಗತಿಯ ಶಿಕ್ಷಕ ಅಷ್ಟೂ ಪುಟಗಳನ್ನು ಯಾವಾಗ ತುಂಬಬೇಕೆಂಬುದಕ್ಕೆ ಅದರಲ್ಲಿ ಪುಟವಿಲ್ಲ. ಪ್ರತ್ಯೇಕ ಶಿಕ್ಷಣ ನೀತಿಯ ಹಾದಿ ಹಿಡಿದ ಕರ್ನಾಟಕ 2023ರಲ್ಲಿ ಪ್ರೊ. ಸುಖದೇವ್‌ ಥೋರಟ್‌ ನೇತೃತ್ವದ ಆಯೋಗ ರಚಿಸಿತು; 2025ರ ಆಗಸ್ಟ್‌ನಲ್ಲಿ ವರದಿ ಸಲ್ಲಿಕೆಯಾಯಿತು.

ಆದರೆ ಎಲ್ಲದಕ್ಕೂ ಹೊಸ ನಮೂನೆಯೇ ಬೇಕೆಂದಿಲ್ಲ. ಸರ್ಕಾರಿ ಶಾಲೆಗಳಲ್ಲಿ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದ ದಿನ ಪೋಷಕರು ಕೂಲಿ ಬಿಟ್ಟು ಬಂದು ಕೂರುತ್ತಾರೆ, ಪತ್ರ ಪಡೆಯುತ್ತಾರೆ. ಅದರಲ್ಲಿ ‘ಷರಾ’ ಎಂಬ ಅಂಕಣವೊಂದು ಮೊದಲಿನಿಂದಲೂ ಇದೆ. ‘ಉತ್ತಮ’, ‘ಇನ್ನೂ ಪ್ರಗತಿ ಬೇಕು’ ಎಂಬ ರಬ್ಬರ್‌ ಮೊಹರಿನಂಥ ಮಾತುಗಳಿಗೆ ಅದು ಮೀಸಲಾಗಿದೆ. ‘ಕೂಡುವ ಲೆಕ್ಕ ಬರುತ್ತದೆ, ದಶಕ ಪಡೆದು ಕಳೆಯುವುದು ಬರುವುದಿಲ್ಲ’ ಎಂಬ ಒಂದು ಸಾಲು ಅಲ್ಲಿ ಧಾರಾಳವಾಗಿ ಹಿಡಿಯುತ್ತದೆ.